ಜ್ವರ ಇಲ್ಲ, ಕೌಂಟ್ ನಾರ್ಮಲ್, ಆದರೂ ಪಿತ್ತಕೋಶ ಕೊಳೆತಿತ್ತು: ವಯಸ್ಸಾದವರಲ್ಲಿ ಇದನ್ನು ಬೇಗ ಹಿಡಿಯುವುದು ಹೇಗೆ?

ಕೋಡಿ ಕಡಲು

ನಮಸ್ಕಾರ. ಸ್ವಲ್ಪ ಉದ್ದ ಉಂಟು, ದಯವಿಟ್ಟು ಪೂರ್ತಿ ಓದಿ.

ನಾವು ಕುಂದಾಪುರದವರು. ಅಪ್ಪಯ್ಯನಿಗೆ 79. ಶುಗರ್ ಹಳೆಯದು, ಬಿಪಿ ಮಾತ್ರೆಯೂ ತಗೊಳ್ಳುತ್ತಾರೆ. ಕಳೆದ ತಿಂಗಳು ಒಂದು ಬೆಳಿಗ್ಗೆ ಗಂಜಿ ಬೇಡ ಅಂದರು. ಮಧ್ಯಾಹ್ನ ಅನ್ನವೂ ಬೇಡ. ಏನಾಗುತ್ತದೆ ಅಂತ ಕೇಳಿದರೆ ಎದೆಗುಂಡಿಯ ಕೆಳಗೆ ಕೈ ಇಟ್ಟು, ಏನೋ ಹಿಡಿದ ಹಾಗೆ ಆಗುತ್ತದೆ ಅಂದರು. ಅಷ್ಟೇ. ಅಮ್ಮ ಓಮದ ನೀರು ಕೊಟ್ಟರು. ಮಾರನೇ ದಿನ ಮಾತು ಸ್ವಲ್ಪ ಏರುಪೇರು. ತೀರಿಹೋದ ದೊಡ್ಡಪ್ಪನನ್ನು ಹೆಸರು ಹಿಡಿದು ಕರೆದರು. ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದುಕೊಂಡು ಹೋದರು.

ಹತ್ತಿರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಇಸಿಜಿ ತೆಗೆದರು, ಸರಿ ಇತ್ತು. ರಕ್ತ ನೋಡಿದರು, ಬಿಳಿ ರಕ್ತಕಣದ ಕೌಂಟ್ ನಾರ್ಮಲ್. ಜ್ವರ ಇರಲಿಲ್ಲ. ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಮರುದಿನ ರಾತ್ರಿ ಬಿಪಿ ಇಳಿದುಹೋಯಿತು, ಮೈ ತಣ್ಣಗಾಯಿತು. ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಪಿತ್ತಕೋಶ ಕೊಳೆತಿದೆ ಅಂತ ಗೊತ್ತಾಯಿತು. ಆಪರೇಷನ್ ಆಗಿ ಈಗ ಮನೆಗೆ ಬಂದಿದ್ದಾರೆ, ಊಟ ಮಾಡುತ್ತಾರೆ.

ಯಾರ ಮೇಲೂ ದೂರು ಹೇಳಲಿಕ್ಕೆ ಬರೆಯುತ್ತಿಲ್ಲ. ನನಗೆ ಅರ್ಥ ಆಗಬೇಕು. ಒಳಗೆ ಅಷ್ಟು ಆಗುತ್ತಿದ್ದರೆ ನೋವು, ಜ್ವರ ಯಾಕೆ ಬರಲಿಲ್ಲ? ನಮ್ಮ ಅತ್ತೆಗೂ ಪಿತ್ತಕೋಶದಲ್ಲಿ ಕಲ್ಲು ಉಂಟು. ಅವರಿಗೆ ಹೀಗಾದರೆ ನಾವು ಏನು ನೋಡಬೇಕು?

ಕ್ಯಾಜುವಾಲ್ಟಿ ಡ್ಯೂಟಿ

ಅಕ್ಕ, ಅಪ್ಪಯ್ಯ ಹುಷಾರಾಗಿ ಮನೆಗೆ ಬಂದದ್ದು ದೊಡ್ಡ ಸಮಾಧಾನ. ನಾನು ಮಂಗಳೂರಿನಲ್ಲಿ ತುರ್ತು ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನೀವು ಬರೆದ ಥರದ ರೋಗಿಗಳು ನಮಗೆ ಆಗಾಗ ಬರುತ್ತಾರೆ.

ಮೊದಲು ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಪಿತ್ತಕೋಶ ಬಲಗಡೆ ಪಕ್ಕೆಲುಬಿನ ಕೆಳಗೆ, ಲಿವರಿಗೆ ಅಂಟಿಕೊಂಡಿರುವ ಸಣ್ಣ ಚೀಲ. ಅದರ ಬಾಯಿಯ ನಾಳದಲ್ಲಿ ಕಲ್ಲು ಸಿಕ್ಕಿಕೊಂಡರೆ ಪಿತ್ತ ಹೊರಗೆ ಹೋಗುವುದಿಲ್ಲ. ಚೀಲ ಉಬ್ಬುತ್ತದೆ, ಗೋಡೆ ಊದುತ್ತದೆ, ಆಮೇಲೆ ಸೋಂಕು ಸೇರಿಕೊಳ್ಳುತ್ತದೆ. ಉಬ್ಬು ಜಾಸ್ತಿಯಾದರೆ ಗೋಡೆಗೆ ರಕ್ತ ಹೋಗುವುದು ನಿಲ್ಲುತ್ತದೆ. ಆಗಲೇ ಕೊಳೆಯುವುದು. 100ರಲ್ಲಿ 90ಕ್ಕಿಂತ ಜಾಸ್ತಿ ಜನರಲ್ಲಿ ಕಾರಣ ಕಲ್ಲೇ. ಉಳಿದವರಲ್ಲಿ ಕಲ್ಲಿಲ್ಲದೆಯೂ ಉರಿಯೂತ ಬರುತ್ತದೆ. ಐಸಿಯುನಲ್ಲಿ ಮಲಗಿದವರು, ದೊಡ್ಡ ಆಪರೇಷನ್ ಆದವರು, ತುಂಬಾ ದಿನ ಊಟ ಇಲ್ಲದವರು ಹೆಚ್ಚಾಗಿ ಅಂಥವರು.

ಪುಸ್ತಕದಲ್ಲಿ ಇರುವ ಚಿತ್ರ ನಲವತ್ತರ ಹೆಂಗಸಿನದ್ದು. ಮದುವೆ ಊಟ ಮಾಡಿ ಬಂದ ರಾತ್ರಿ ಬಲ ಪಕ್ಕೆಯ ಕೆಳಗೆ ನೋವು, ಹೆಗಲಿನ ಹಿಂದಕ್ಕೆ ಎಳೆತ, ವಾಂತಿ, ಜ್ವರ, ಬಿಳಿ ರಕ್ತಕಣ ಏರಿಕೆ. ಅವರಲ್ಲಿ ಹಿಡಿಯುವುದು ಕಷ್ಟ ಅಲ್ಲ. ಎಂಬತ್ತರ ಹತ್ತಿರದವರಲ್ಲಿ ಆ ಚಿತ್ರ ಚೂರು ಚೂರಾಗಿ ಬರುತ್ತದೆ. 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಉಂಟು. ಪಿತ್ತಕೋಶದ ಉರಿಯೂತ ಖಚಿತವಾಗಿದ್ದ, 65 ದಾಟಿದ 168 ರೋಗಿಗಳು ಎಮರ್ಜೆನ್ಸಿಗೆ ಬಂದಾಗ ಹೇಗಿದ್ದರು ಅಂತ ನೋಡಿದ್ದರು. ಅರ್ಧಕ್ಕಿಂತ ಹೆಚ್ಚು ಜನರಿಗೆ ಜ್ವರ ಇರಲಿಲ್ಲ. ಹತ್ತರಲ್ಲಿ ನಾಲ್ಕು ಜನರ ಬಿಳಿ ರಕ್ತಕಣ ನಾರ್ಮಲ್. ನೂರಕ್ಕೆ 13 ಜನರಿಗೆ ಜ್ವರವೂ ಇಲ್ಲ, ರಕ್ತದ ಎಲ್ಲ ಟೆಸ್ಟೂ ನಾರ್ಮಲ್. ನಿಮ್ಮ ಅಪ್ಪಯ್ಯ ಆ ಗುಂಪಿನವರು ಅಂತ ಕಾಣುತ್ತದೆ.

ಯಾಕೆ ಹೀಗೆ ಅಂದರೆ ಕಾರಣ ಒಂದೇ ಅಲ್ಲ. ವಯಸ್ಸಾದಂತೆ ಸೋಂಕಿಗೆ ದೇಹ ಎದ್ದು ನಿಲ್ಲುವುದು ನಿಧಾನ. ಹಳೆಯ ಶುಗರ್ ಇದ್ದರೆ ನರಗಳು ನೋವನ್ನು ಸರಿಯಾಗಿ ಮುಟ್ಟಿಸುವುದಿಲ್ಲ. ಹೊಟ್ಟೆಯ ಸ್ನಾಯು ತೆಳ್ಳಗಾಗಿರುತ್ತದೆ, ಹಾಗಾಗಿ ಒಳಗೆ ರಾದ್ಧಾಂತ ಆಗಿದ್ದರೂ ಮುಟ್ಟಿದರೆ ಹೊಟ್ಟೆ ಮೆತ್ತಗೇ ಇರುತ್ತದೆ. ಮೇಲಿಂದ ಮಾತ್ರೆಗಳು. ಮಂಡಿನೋವಿಗೆ ದಿನಾ ಪ್ಯಾರಾಸಿಟಮಾಲ್ ತಗೊಳ್ಳುವವರಿಗೆ ಜ್ವರ ಕಾಣುವುದಿಲ್ಲ. ಬಿಪಿ, ಹಾರ್ಟ್‌ಗೆ ಬೀಟಾ ಬ್ಲಾಕರ್ ತಗೊಳ್ಳುವವರ ನಾಡಿ ಏರುವುದಿಲ್ಲ. ದಮ್ಮಿಗೆ ಸ್ಟಿರಾಯ್ಡ್ ತಗೊಳ್ಳುವವರಲ್ಲಿ ನೋವು, ಜ್ವರ ಎರಡೂ ಅಡಗುತ್ತವೆ.

ಇನ್ನು ದೊಡ್ಡಪ್ಪನನ್ನು ಕರೆದದ್ದು. ನೀವು ಬರೆದದ್ದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಅದು. ನೆಟ್ಟಗೆ ಮಾತಾಡುತ್ತಿದ್ದ ಹಿರಿಯರು ಒಂದೆರಡು ದಿನದಲ್ಲಿ ಗಲಿಬಿಲಿ ಆದರೆ ಅದನ್ನು ಅರಳುಮರಳು ಅಂತ ಬಿಡಬಾರದು. ಮೈಯಲ್ಲಿ ಎಲ್ಲೋ ಸೋಂಕು ಉಂಟಾ ಅಂತ ಹುಡುಕಬೇಕು. ಮೂತ್ರ, ಶ್ವಾಸಕೋಶ ನೋಡುತ್ತೇವೆ, ಸರಿ. ಅದೇ ಸಾಲಿನಲ್ಲಿ ಪಿತ್ತಕೋಶವನ್ನೂ ನೋಡಬೇಕು.

ಇಸಿಜಿ ಮೊದಲು ತೆಗೆದದ್ದು ಮಾತ್ರ ಸರಿಯಾದ ಕೆಲಸ. ಹೃದಯದ ಕೆಳಭಾಗದ ಅಟ್ಯಾಕ್ ಎಷ್ಟೋ ಸಲ ಹೊಟ್ಟೆಯ ಮೇಲ್ಭಾಗದ ನೋವಾಗಿಯೇ ಬರುತ್ತದೆ. ಹೃದಯ ಸರಿ ಉಂಟು ಅಂತ ಆದಮೇಲೆ ಹುಡುಕಾಟ ನಿಲ್ಲಬಾರದಿತ್ತು.

ಪಣಂಬೂರು 66

ಡಾಕ್ಟ್ರೇ, ಒಂದು ಪ್ರಶ್ನೆ. ನಮ್ಮ ಕಡೆ ಎಪ್ಪತ್ತು ದಾಟಿದವರಲ್ಲಿ ಗ್ಯಾಸ್ ಅಂತ ಹೇಳದವರು ಯಾರಿದ್ದಾರೆ? ನಮ್ಮ ಅಜ್ಜಿ ವಾರಕ್ಕೆರಡು ಸಲ ಹೇಳುತ್ತಾರೆ. ಪ್ರತಿ ಸಲವೂ ಸ್ಕ್ಯಾನ್‌ಗೆ ಓಡಲಿಕ್ಕೆ ಆಗುತ್ತದಾ? ಸ್ಕ್ಯಾನ್ ಮಾಡಿದರೆ ಕಲ್ಲು ಕಾಣುತ್ತದೆ, ಕಲ್ಲು ಕಂಡರೆ ಆಪರೇಷನ್ ಅನ್ನುತ್ತಾರೆ. ಸುಮ್ನೆ ಹೆದರಿಸಿದ ಹಾಗೆ ಆಗಬಾರದು ಅಲ್ವಾ?

ಕ್ಯಾಜುವಾಲ್ಟಿ ಡ್ಯೂಟಿ

ನ್ಯಾಯವಾದ ಪ್ರಶ್ನೆ. ಎಲ್ಲ ಗ್ಯಾಸಿಗೂ ಸ್ಕ್ಯಾನ್ ಬೇಡ. ನಾನು ನೋಡುವುದು ಬದಲಾವಣೆಯನ್ನು. ಅಜ್ಜಿ ವಾರಕ್ಕೆರಡು ಸಲ ಗ್ಯಾಸ್ ಅಂದು, ತೇಗಿ, ಕಷಾಯ ಕುಡಿದು ಸಂಜೆ ತರಕಾರಿ ಹೆಚ್ಚಲು ಕೂತರೆ ಅದು ಅವರ ಮಾಮೂಲು. ಆದರೆ ಈ ಸಲದ್ದು ನಾಲ್ಕೈದು ಗಂಟೆ ಕಳೆದರೂ ಬಿಡುತ್ತಿಲ್ಲ, ಎರಡು ಹೊತ್ತು ಊಟ ಬಿಟ್ಟಿದ್ದಾರೆ, ಎದ್ದು ಓಡಾಡುವುದು ನಿಲ್ಲಿಸಿದ್ದಾರೆ ಅಂದರೆ ಅದು ಬೇರೆ ವಿಷಯ. ಕಲ್ಲಿನಿಂದ ಬಂದು ಹೋಗುವ ನೋವು ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಆರು ಗಂಟೆ ದಾಟಿಯೂ ಉಳಿದರೆ ಉರಿಯೂತ ಶುರುವಾಗಿರಬಹುದು ಅಂತ ನಾವು ಯೋಚಿಸುತ್ತೇವೆ.

ಕೈಯಿಂದ ಪರೀಕ್ಷೆ ಮಾಡುವ ಒಂದು ಹಳೆಯ ಕ್ರಮ ಉಂಟು, ಮರ್ಫಿ ಚಿಹ್ನೆ ಅನ್ನುತ್ತಾರೆ. ಷಿಕಾಗೋದ ಸರ್ಜನ್ ಜಾನ್ ಬೆಂಜಮಿನ್ ಮರ್ಫಿ 1903ರ ಸುಮಾರಿಗೆ ಬರೆದದ್ದು. ಬಲಗಡೆ ಪಕ್ಕೆಲುಬಿನ ಅಂಚಿನ ಕೆಳಗೆ ಬೆರಳು ಒತ್ತಿ ಇಟ್ಟು, ಉಸಿರು ಎಳೆದುಕೊಳ್ಳಿ ಅನ್ನುತ್ತೇವೆ. ಉಸಿರಿನ ಜೊತೆ ಲಿವರ್ ಕೆಳಗೆ ಬರುತ್ತದೆ, ಊದಿದ ಪಿತ್ತಕೋಶ ಬೆರಳಿಗೆ ತಾಗುತ್ತದೆ, ರೋಗಿ ಅರ್ಧ ಉಸಿರಿನಲ್ಲೇ ತಟ್ಟನೆ ನಿಲ್ಲಿಸುತ್ತಾರೆ. ಹಿರಿಯರಲ್ಲಿ ಬಾಯಿಂದ ನೋವು ಅಂತ ಬರುವುದಿಲ್ಲ. ಹಾಗಾಗಿ ನಾನು ನನ್ನ ಕೈಯನ್ನು ನೋಡುವುದಿಲ್ಲ, ಅವರ ಮುಖ ನೋಡುತ್ತೇನೆ. ಹುಬ್ಬು ಗಂಟಾಗುತ್ತದೆ, ಅಥವಾ ಅವರ ಕೈ ಬಂದು ನನ್ನ ಮಣಿಕಟ್ಟನ್ನು ಮೆಲ್ಲಗೆ ತಳ್ಳುತ್ತದೆ. ಅಷ್ಟು ಸಿಕ್ಕಿದರೆ ನಾನು ಸ್ಕ್ಯಾನ್‌ಗೆ ಕಳಿಸುತ್ತೇನೆ. ಚಿಹ್ನೆ ಸಿಗದಿದ್ದರೆ ರೋಗ ಇಲ್ಲ ಅಂತ ಮಾತ್ರ ತೀರ್ಮಾನಿಸುವುದಿಲ್ಲ. ವಯಸ್ಸಾದವರಲ್ಲಿ ಸುಮಾರು ಅರ್ಧ ಜನರಲ್ಲಿ ಅದು ಸಿಗುವುದೇ ಇಲ್ಲ. ಗೋಡೆ ಕೊಳೆತುಹೋದರೆ ನರವೂ ಸತ್ತಿರುತ್ತದೆ, ಆಗ ಒತ್ತಿದರೂ ನೋವಿಲ್ಲ.

ಸ್ಕ್ಯಾನಿಂಗ್ ಕೋಣೆ

ರೇಡಿಯಾಲಜಿಯವಳು ನಾನು. ಪಣಂಬೂರಿನವರ ಮಾತಿಗೆ ನನ್ನ ಕಡೆಯಿಂದ ಉತ್ತರ.

ಕಲ್ಲು ಕಂಡ ಮಾತ್ರಕ್ಕೆ ಉರಿಯೂತ ಅಲ್ಲ. ವಯಸ್ಸಾದಂತೆ ಕಲ್ಲು ಇರುವವರು ಜಾಸ್ತಿ, ಬಹಳಷ್ಟು ಜನರಿಗೆ ಅದರಿಂದ ಜೀವಮಾನದಲ್ಲಿ ತೊಂದರೆಯೇ ಆಗುವುದಿಲ್ಲ. ನಾನು ಹುಡುಕುವುದು ಬೇರೆ ಗುರುತುಗಳನ್ನು. ಚೀಲ ಉಬ್ಬಿ ಬಿಗಿಯಾಗಿದೆಯಾ? ಖಾಲಿ ಹೊಟ್ಟೆಯಲ್ಲಿ ಗೋಡೆ 3 ಮಿಲಿಮೀಟರ್ ಒಳಗೆ ಇರಬೇಕು, ಅದಕ್ಕಿಂತ ದಪ್ಪ ಆಗಿದೆಯಾ? ಸುತ್ತ ನೀರು ನಿಂತಿದೆಯಾ? ಕಲ್ಲು ಪಿತ್ತಕೋಶದ ಕುತ್ತಿಗೆಯಲ್ಲಿ ಸಿಕ್ಕಿಕೊಂಡು, ಮಗ್ಗುಲು ತಿರುಗಿಸಿದರೂ ಜರುಗದೆ ಕೂತಿದೆಯಾ? ಕೊನೆಗೆ ಪ್ರೋಬನ್ನು, ಅಂದರೆ ಸ್ಕ್ಯಾನ್ ಮಾಡುವ ಹಿಡಿಯನ್ನು, ಸರಿಯಾಗಿ ಪಿತ್ತಕೋಶದ ಮೇಲೆಯೇ ಇಟ್ಟು ಒತ್ತುತ್ತೇನೆ. ಬೇರೆ ಎಲ್ಲಿ ಒತ್ತಿದ್ದಕ್ಕಿಂತ ಅಲ್ಲಿ ನೋವು ಜಾಸ್ತಿ ಅಂದರೆ ಅದಕ್ಕೆ ತೂಕ ಉಂಟು. ಇವು ಎರಡು ಮೂರು ಒಟ್ಟಿಗೆ ಸೇರಿದರೆ ಮಾತ್ರ ನಾನು ಉರಿಯೂತ ಅಂತ ಬರೆಯುತ್ತೇನೆ.

ನಮ್ಮ ಕರಾವಳಿಯಲ್ಲಿ ಒಂದು ವಿಷಯಕ್ಕೆ ವಿಶೇಷ ಜಾಗ್ರತೆ ಬೇಕು. ಮಳೆಗಾಲದಲ್ಲಿ ಡೆಂಗಿ ಬಂದವರ ಪಿತ್ತಕೋಶದ ಗೋಡೆಯೂ ದಪ್ಪ ಆಗುತ್ತದೆ. ರಕ್ತನಾಳದಿಂದ ನೀರಿನ ಅಂಶ ಸೋರುವುದರಿಂದ ಆಗುವುದು ಅದು. ಅದಕ್ಕೆ ಆಪರೇಷನ್ ಬೇಡ, ಪ್ಲೇಟ್‌ಲೆಟ್ ಇಳಿದಿರುವಾಗ ಕತ್ತಿ ಇಟ್ಟರೆ ಅಪಾಯವೇ. ಗದ್ದೆ ಕೆಲಸ ಮಾಡುವವರಲ್ಲಿ ಇಲಿಜ್ವರ ಬಂದರೆ ಕಾಮಾಲೆ, ಹೊಟ್ಟೆನೋವು ಎರಡೂ ಇರುತ್ತದೆ, ಗೋಡೆಯೂ ಊದಬಹುದು. ಹಾರ್ಟ್ ಫೇಲ್ಯೂರ್, ಲಿವರ್ ಸಿರೋಸಿಸ್, ಕಿಡ್ನಿ ತೊಂದರೆ ಇದ್ದರೂ ಗೋಡೆ ದಪ್ಪ ಕಾಣುತ್ತದೆ. ವಯಸ್ಸಾದವರಲ್ಲಿ ಇವೂ ಜಾಸ್ತಿ ಅಲ್ವಾ? ಹಾಗಾಗಿ ಬರೇ ಗೋಡೆಯ ಅಳತೆ ಹಿಡಿದು ಯಾರೂ ತೀರ್ಮಾನ ಮಾಡಬಾರದು. ಸ್ಕ್ಯಾನ್ ಚೀಟಿಯಲ್ಲಿ "ಹೊಟ್ಟೆನೋವು" ಅಂತ ಒಂದೇ ಪದ ಬರೆದು ಕಳಿಸಿದರೆ ನಮಗೆ ಸಾಲದು. ಎಷ್ಟು ದಿನದ ಜ್ವರ, ಪ್ಲೇಟ್‌ಲೆಟ್ ಎಷ್ಟು, ಹಾರ್ಟ್ ತೊಂದರೆ ಉಂಟಾ, ಇಷ್ಟು ಬರೆದರೆ ನಾನು ಕೊಡುವ ರಿಪೋರ್ಟ್ ಎಷ್ಟೋ ಉತ್ತಮ ಆಗುತ್ತದೆ.

ಊಟ ಆದಮೇಲೆ ಪಿತ್ತಕೋಶ ಕುಗ್ಗುತ್ತದೆ, ಗೋಡೆ ದಪ್ಪ ಕಾಣುತ್ತದೆ. ಅದಕ್ಕೇ ಖಾಲಿ ಹೊಟ್ಟೆಯಲ್ಲಿ ಬನ್ನಿ ಅನ್ನುವುದು. ಆದರೆ ತುರ್ತು ಇದ್ದಾಗ ಆರು ಗಂಟೆ ಕಾಯಿಸುವ ಅಗತ್ಯ ಇಲ್ಲ, ತಕ್ಷಣ ನೋಡಬಹುದು.

ಸಿಟಿ ಸ್ಕ್ಯಾನ್ ಬಗ್ಗೆ ಒಂದು ಮಾತು. ಕಲ್ಲು ನೋಡಲಿಕ್ಕೆ ಅಲ್ಟ್ರಾಸೌಂಡೇ ಒಳ್ಳೆಯದು, ಎಷ್ಟೋ ಕಲ್ಲುಗಳು ಸಿಟಿಯಲ್ಲಿ ಕಾಣುವುದೇ ಇಲ್ಲ. ಆದರೆ ಗೋಡೆ ಕೊಳೆತಿದೆಯಾ, ತೂತಾಗಿದೆಯಾ, ಗೋಡೆಯಲ್ಲಿ ಗಾಳಿ ತುಂಬಿದೆಯಾ ಅನ್ನುವುದು ಸಿಟಿಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಗಾಳಿ ತುಂಬುವ ಥರದ್ದು ಶುಗರ್ ಇರುವ ವಯಸ್ಸಾದ ಗಂಡಸರಲ್ಲಿ ಹೆಚ್ಚು, ಅದು ಬೇಗ ಕೆಡುವಂಥದ್ದು. ಹೊಟ್ಟೆ ಮೆತ್ತಗಿದ್ದು, ಯಾವುದೂ ಸ್ಪಷ್ಟ ಇಲ್ಲದ ಹಿರಿಯರಲ್ಲಿ ಸಿಟಿಯಿಂದ ಇನ್ನೊಂದು ಲಾಭ ಉಂಟು. ಕರುಳಿನ ರಕ್ತನಾಳ ಕಟ್ಟಿಕೊಂಡದ್ದು, ಮಹಾಪಧಮನಿ ಉಬ್ಬಿದ್ದು, ಮೇದೋಜೀರಕದ ಊತ, ಎಲ್ಲ ಅದೇ ಚಿತ್ರದಲ್ಲಿ ಸಿಗುತ್ತದೆ.

ನೈಟ್ ಶಿಫ್ಟ್ ಸಿಸ್ಟರ್

ಡಾಕ್ಟರ್‌ಗಳು ಹೇಳಿದ್ದಕ್ಕೆ ನಾನು ವಾರ್ಡಿನ ಕಡೆಯಿಂದ ಸೇರಿಸುತ್ತೇನೆ. ನಮ್ಮ ಕಡೆಯ ಹಿರಿಯರು ನೋವು ಅಂತ ಬಾಯಿಬಿಟ್ಟು ಹೇಳುವುದು ಕಡಿಮೆ. ಉಂಟಾ ಅಜ್ಜಾ ಅಂತ ಕೇಳಿದರೆ, ಇಲ್ಲ ಮಗಾ, ಸ್ವಲ್ಪ ಅನ್ನುತ್ತಾರೆ. ಮಕ್ಕಳಿಗೆ ಖರ್ಚು ಅಂತ ಅವರ ತಲೆಯಲ್ಲಿ. ಅದಕ್ಕೆ ನಾನು ಕೇಳುವುದಕ್ಕಿಂತ ನೋಡುವುದು ಜಾಸ್ತಿ.

ಬೆಡ್‌ಶೀಟ್ ಬದಲಿಸಲಿಕ್ಕೆ ಎಡ ಮಗ್ಗುಲಿಗೆ ತಿರುಗಿಸುತ್ತೇವಲ್ಲ, ಆಗ ಬಲಗೈ ತಾನಾಗಿ ಪಕ್ಕೆಗೆ ಹೋಗುತ್ತದಾ ನೋಡಿ. ಉಸಿರು ಸಣ್ಣದಾಗಿ ಬೇಗ ಬೇಗ ಬಿಡುತ್ತಾರಾ ನೋಡಿ, ಆಳವಾಗಿ ಎಳೆದರೆ ಬಲ ಪಕ್ಕೆಯಲ್ಲಿ ಚುಚ್ಚುತ್ತದೆ ಅಂತ ಅವರೇ ತಡೆಯುತ್ತಿರುತ್ತಾರೆ. ಗಂಜಿಯ ತಿಳಿ ಕುಡಿಸಿದರೆ ಎರಡು ಚಮಚ ತಗೊಂಡು ಬಾಯಿ ಮುಚ್ಚುತ್ತಾರೆ. ಉಪ್ಪಿನಕಾಯಿ ಇಲ್ಲದೆ ಗಂಜಿ ಇಳಿಯದ ಅಜ್ಜಿ ಉಪ್ಪಿನಕಾಯಿಯನ್ನೂ ಬೇಡ ಅಂದರೆ ನಾನು ಡ್ಯೂಟಿ ಡಾಕ್ಟರನ್ನು ಕರೆಯುತ್ತೇನೆ. ಮೂತ್ರದ ಬಣ್ಣ, ಕಣ್ಣಿನ ಬಿಳಿ ಭಾಗ, ಎರಡನ್ನೂ ಹಗಲಿನ ಬೆಳಕಿನಲ್ಲಿ ನೋಡಬೇಕು. ಟ್ಯೂಬ್‌ಲೈಟಿನಲ್ಲಿ ತಿಳಿ ಹಳದಿ ಗೊತ್ತಾಗುವುದಿಲ್ಲ.

ಇನ್ನೊಂದು ಕೇಳಿಕೆ. ನೋವಿನ ಇಂಜೆಕ್ಷನ್ ಕೊಟ್ಟರೆ ರೋಗ ಮುಚ್ಚಿಹೋಗುತ್ತದೆ, ಡಾಕ್ಟರ್ ನೋಡುವವರೆಗೆ ಕೊಡಬೇಡಿ ಅಂತ ಕೆಲವು ಮನೆಯವರು ತಡೆಯುತ್ತಾರೆ. ಹಿರಿಯರನ್ನು ಹಾಗೆ ನರಳಿಸಬೇಡಿ. ನೋವು ಇಳಿದರೆ ಹೊಟ್ಟೆ ಮುಟ್ಟಿ ನೋಡಲಿಕ್ಕೆ ಬಿಡುತ್ತಾರೆ, ಪರೀಕ್ಷೆ ಸುಲಭ ಆಗುತ್ತದೆ.

ಅಬುಧಾಬಿ ಮಗ

ಅಪ್ಪ ಅಮ್ಮ ಇಬ್ಬರೇ ಬೈಂದೂರು ಕಡೆ ಇದ್ದಾರೆ. ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಮಾತ್ರೆಯ ಹೆಸರು ಓದಲಿಕ್ಕೂ ಕಷ್ಟ. ದೂರದಿಂದ ಫೋನಿನಲ್ಲಿ ನಾನು ಏನು ಕೇಳಬೇಕು, ಆಸ್ಪತ್ರೆಯವರಿಗೆ ಏನು ಹೇಳಬೇಕು?

ಕ್ಯಾಜುವಾಲ್ಟಿ ಡ್ಯೂಟಿ

ಅಣ್ಣ, ವಿಡಿಯೋ ಕಾಲ್ ಮಾಡಿ. ಹೇಗಿದ್ದೀರಿ ಅಂತ ಕೇಳಿದರೆ ಆರಾಮ ಅಂತಲೇ ಬರುವುದು. ಬೆಳಿಗ್ಗೆ ಏನು ತಿಂದಿರಿ, ನಿನ್ನೆ ರಾತ್ರಿ ಏನು ತಿಂದಿರಿ ಅಂತ ಕೇಳಿ. ಎದ್ದು ಜಗಲಿಯವರೆಗೆ ನಡೆಯಲಿಕ್ಕೆ ಹೇಳಿ, ನೋಡಿ. ಅಮ್ಮನ ಹತ್ತಿರ ಬೇರೆಯಾಗಿ ಕೇಳಿ, ರಾತ್ರಿ ನಿದ್ದೆ ಮಾಡಿದರಾ, ಮಾತು ಸರಿ ಉಂಟಾ ಅಂತ.

ಆಸ್ಪತ್ರೆಯಲ್ಲಿ ನಮಗೆ ಬೇಕಾದದ್ದು ಅವರ ಮಾಮೂಲು ಸ್ಥಿತಿ ಏನು ಅನ್ನುವುದು. ಗಲಿಬಿಲಿಯಾದ ಹಿರಿಯರನ್ನು ಪಕ್ಕದ ಮನೆಯವರು ರಿಕ್ಷಾದಲ್ಲಿ ಕರೆದುಕೊಂಡು ಬಂದಾಗ ಅವರು ಮೊದಲಿನಿಂದಲೂ ಹೀಗೆಯೋ, ಇವತ್ತು ಹೀಗಾದದ್ದೋ ಅಂತ ನಮಗೆ ಹೇಗೆ ಗೊತ್ತಾಗಬೇಕು? ಮಗ ಫೋನಿನಲ್ಲಿ, "ನಿನ್ನೆ ಮೊನ್ನೆವರೆಗೆ ಬ್ಯಾಂಕಿಗೆ ಒಬ್ಬರೇ ಹೋಗಿ ಬರುತ್ತಿದ್ದರು" ಅಂತ ಒಂದು ಮಾತು ಹೇಳಿದರೆ ನಮ್ಮ ಯೋಚನೆಯ ದಾರಿಯೇ ಬದಲಾಗುತ್ತದೆ. ಮಾತ್ರೆಗಳ ಫೋಟೋ ತೆಗೆದು ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಥರದ ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಕೇಳದಿದ್ದರೂ ಹೇಳಿ. ಹಿಂದೆ ಸ್ಕ್ಯಾನ್‌ನಲ್ಲಿ ಕಲ್ಲು ಕಂಡಿದ್ದರೆ ಆ ರಿಪೋರ್ಟ್ ಕೂಡ.

ಮನೆಗೆ ಕಳಿಸುತ್ತೇವೆ ಅಂದರೆ ಗಲಾಟೆ ಮಾಡಬೇಡಿ, ಮೆತ್ತಗೆ ಕೇಳಿ: ಡಾಕ್ಟ್ರೇ, ಪಿತ್ತಕೋಶ ನೋಡಿದ್ದೀರಾ? ಶುಗರ್ ಉಂಟು, ಎರಡು ದಿನದಿಂದ ಊಟ ಇಲ್ಲ, ಒಂದು ಅಲ್ಟ್ರಾಸೌಂಡ್ ಆಗಬಹುದಾ? ಈ ಪ್ರಶ್ನೆಗೆ ಯಾವ ಒಳ್ಳೆಯ ವೈದ್ಯರೂ ಬೇಸರ ಮಾಡುವುದಿಲ್ಲ. ಸ್ಕ್ಯಾನ್ ಸ್ಪಷ್ಟ ಇಲ್ಲದಿದ್ದರೆ ಅಡ್ಮಿಟ್ ಮಾಡಿಕೊಂಡು ಕೆಲವು ಗಂಟೆ ಬಿಟ್ಟು ಮತ್ತೆ ಹೊಟ್ಟೆ ನೋಡುವುದು, ರಕ್ತ ಮತ್ತೆ ತೆಗೆಯುವುದು ದೊಡ್ಡ ಉಪಾಯ. ಬೆಳಿಗ್ಗೆ ನಾರ್ಮಲ್ ಇದ್ದ, ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಸಂಜೆಗೆ ಏರಿರಬಹುದು. ಬೈಂದೂರಿನಿಂದ ಮಣಿಪಾಲ, ಉಡುಪಿ ಕಡೆಗೆ ದಾರಿ ಉದ್ದ. ಅಷ್ಟು ದೂರದವರನ್ನು ರಾತ್ರಿ ಮನೆಗೆ ಕಳಿಸುವ ಮೊದಲು ನಾನಂತೂ ಎರಡು ಸಲ ಯೋಚಿಸುತ್ತೇನೆ. ಬಿಪಿ ಇಳಿದಿದ್ದರೆ, ಎಚ್ಚರ ತಪ್ಪುತ್ತಿದ್ದರೆ ರಿಕ್ಷಾ ಬೇಡ, 108ಕ್ಕೆ ಫೋನ್ ಮಾಡಿ.

ಸರ್ಜರಿ ಪಿಜಿ

ರೋಗ ಗೊತ್ತಾದಮೇಲೆ ಏನು ಅಂತ ಯಾರೂ ಬರೆದಿಲ್ಲ, ನಾನು ಸ್ವಲ್ಪ ಬರೆಯುತ್ತೇನೆ.

ಪಿತ್ತಕೋಶದ ಉರಿಯೂತವನ್ನು ಗುರುತಿಸಿ ದರ್ಜೆ ಹಾಕಲಿಕ್ಕೆ ನಾವು ಟೋಕಿಯೋ ಮಾರ್ಗಸೂಚಿ ಅನ್ನುವುದನ್ನು ಬಳಸುತ್ತೇವೆ. 2007ರಲ್ಲಿ ಬಂತು, 2013 ಮತ್ತು 2018ರಲ್ಲಿ ತಿದ್ದಿದರು. ಹೊಟ್ಟೆಯ ಬಲ ಮೇಲ್ಭಾಗದ ಗುರುತು ಒಂದು, ಮೈಯ ಉರಿಯೂತದ ಗುರುತು ಒಂದು, ಅಂದರೆ ಜ್ವರ, ಬಿಳಿ ರಕ್ತಕಣ, ಸಿಆರ್‌ಪಿ ಇವುಗಳಲ್ಲಿ ಯಾವುದಾದರೂ. ಇವೆರಡಿದ್ದರೆ ಸಂಶಯ, ಸ್ಕ್ಯಾನ್ ಕೂಡ ಹೊಂದಿದರೆ ಖಚಿತ. ತೀವ್ರತೆಗೆ ಮೂರು ದರ್ಜೆ. ಬಿಪಿ ಇಳಿಯುವುದು, ಗಲಿಬಿಲಿ, ಮೂತ್ರ ಕಡಿಮೆಯಾಗಿ ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತೋರಿಸುವ ರಕ್ತದ ಟೆಸ್ಟ್) 2 ದಾಟುವುದು, ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಇಳಿಯುವುದು ಇವೆಲ್ಲ ಮೂರನೇ ದರ್ಜೆ. ಇಲ್ಲಿ ಒಂದು ತೊಡಕು ಉಂಟು, ನನಗೆ ಇದು ಬಹಳ ಮುಖ್ಯ ಅನಿಸುತ್ತದೆ. ಜ್ವರ, ಕೌಂಟ್ ಎರಡೂ ಏರದ ಹಿರಿಯರು ಈ ಪಟ್ಟಿಯ ಎರಡನೇ ಮೆಟ್ಟಿಲಲ್ಲೇ ಜಾರಿ ಹೊರಗೆ ಬೀಳುತ್ತಾರೆ. ಪಟ್ಟಿ ನಮ್ಮ ಕೈಗೆ ಸಹಾಯಕ್ಕೆ ಇರುವುದು, ಎದುರಿಗೆ ಮಲಗಿದವರನ್ನು ಬಿಟ್ಟು ಅದನ್ನೇ ನಂಬಬಾರದು.

ಚಿಕಿತ್ಸೆ ಅಂದರೆ ಡ್ರಿಪ್, ಆಂಟಿಬಯಾಟಿಕ್, ಆಮೇಲೆ ಸಾಧ್ಯವಾದಷ್ಟು ಬೇಗ ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳ ಮೂಲಕ, ಪಿತ್ತಕೋಶ ತೆಗೆಯುವುದು. ವಯಸ್ಸಾಯಿತು, ಆಪರೇಷನ್ ಬೇಡ ಅಂತ ಮನೆಯವರೇ ಮೊದಲು ಹೇಳಿಬಿಡುತ್ತಾರೆ. ವಯಸ್ಸು ಒಂದೇ ಅಡ್ಡಿ ಅಲ್ಲ. ನೆದರ್ಲೆಂಡ್ಸಿನಲ್ಲಿ ಅಪಾಯ ಜಾಸ್ತಿ ಇರುವ ರೋಗಿಗಳನ್ನೇ ತೆಗೆದುಕೊಂಡು, ಆಪರೇಷನ್ ಒಂದು ಕಡೆ, ಚರ್ಮದ ಮೂಲಕ ನಳಿಕೆ ಹಾಕಿ ಪಿತ್ತ ಬಸಿಯುವುದು ಇನ್ನೊಂದು ಕಡೆ ಇಟ್ಟು ಹೋಲಿಸಿದರು. 2018ರಲ್ಲಿ ಫಲಿತಾಂಶ ಬಂತು. ಆಪರೇಷನ್ ಆದವರಲ್ಲಿ ದೊಡ್ಡ ತೊಂದರೆ ನೂರಕ್ಕೆ 12, ನಳಿಕೆ ಹಾಕಿದವರಲ್ಲಿ 65. ತೀರಾ ಹದಗೆಟ್ಟವರನ್ನು ಆ ಅಧ್ಯಯನದಲ್ಲಿ ಸೇರಿಸಿರಲಿಲ್ಲ, ಅಂಥವರಿಗೆ ಈಗಲೂ ನಳಿಕೆಯೇ ಜೀವ ಉಳಿಸುವ ದಾರಿ.

ಕೋಡಿ ಕಡಲು

ತುಂಬಾ ಧನ್ಯವಾದ. ಅಪ್ಪಯ್ಯ ಮಂಡಿನೋವಿಗೆ ದಿನಾ ಪ್ಯಾರಾಸಿಟಮಾಲ್ ತಗೊಳ್ಳುತ್ತಿದ್ದರು, ಜ್ವರ ಯಾಕೆ ಕಾಣಲಿಲ್ಲ ಅಂತ ಈಗ ಅರ್ಥ ಆಯಿತು. ಅತ್ತೆಯ ಬಗ್ಗೆ ಹೇಳಿ. 72 ವರ್ಷ, ಮೊಣಕಾಲಿನ ಆಪರೇಷನ್‌ಗೆ ಮುಂಚೆ ಸ್ಕ್ಯಾನ್ ಮಾಡಿದಾಗ ಎರಡು ಕಲ್ಲು ಕಂಡಿತ್ತು. ಇಷ್ಟು ವರ್ಷ ಏನೂ ತೊಂದರೆ ಇಲ್ಲ. ಈಗಲೇ ತೆಗೆಸುವುದು ಒಳ್ಳೆಯದಾ?

ಸರ್ಜರಿ ಪಿಜಿ

ಏನೂ ತೊಂದರೆ ಕೊಡದ ಕಲ್ಲನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಅಪ್ಪಯ್ಯನಿಗೆ ಹೀಗಾಯಿತು ಅಂತ ಹೆದರಿ ಅತ್ತೆಗೆ ಆಪರೇಷನ್ ಮಾಡಿಸಬೇಡಿ. ಒಮ್ಮೆ ನೋವು ಬಂದು ಹೋದರೆ ಲೆಕ್ಕ ಬದಲಾಗುತ್ತದೆ, ಆಗ ಸರ್ಜನ್ ಹತ್ತಿರ ಮಾತಾಡಿ, ತಡ ಮಾಡಬೇಡಿ. ಕಲ್ಲು ಕರಗಿಸುತ್ತದೆ ಅಂತ ಯಾರಾದರೂ ಕೊಡುವ ಸೊಪ್ಪಿನ ರಸ, ಎಣ್ಣೆ ಕುಡಿಸಬೇಡಿ. ಸಿಕ್ಕಾಪಟ್ಟೆ ಎಣ್ಣೆ ಹೊಟ್ಟೆಗೆ ಹೋದರೆ ಪಿತ್ತಕೋಶ ಜೋರಾಗಿ ಹಿಂಡುತ್ತದೆ, ಸುಮ್ಮನೆ ಕೂತಿದ್ದ ಕಲ್ಲು ಅಲ್ಲಾಡುತ್ತದೆ. ಚಳಿ ಜ್ವರ, ಕಣ್ಣು ಹಳದಿ, ಹೊಟ್ಟೆನೋವು ಮೂರೂ ಒಟ್ಟಿಗೆ ಬಂದರೆ ಕಲ್ಲು ದೊಡ್ಡ ಪಿತ್ತನಾಳಕ್ಕೆ ಜಾರಿರಬಹುದು. ಅದಕ್ಕೆ ಬೆಳಗಿನವರೆಗೆ ಕಾಯಬಾರದು. ಎಂಡೋಸ್ಕೋಪಿಯಲ್ಲಿ ನಾಳ ಬಿಡಿಸುವ ಸೌಲಭ್ಯ ಇರುವ ಆಸ್ಪತ್ರೆಗೇ ನೇರ ಹೋಗಬೇಕು.

ಕಾರ್ಕಳ ಬೆಟ್ಟು

ನಮ್ಮ ಮಾವನಿಗೆ ನಳಿಕೆ ಹಾಕಿ ಮನೆಗೆ ಕಳಿಸಿದ್ದಾರೆ, ಆರು ವಾರ ಬಿಟ್ಟು ಬನ್ನಿ ಅಂದಿದ್ದಾರೆ. ನಿನ್ನೆಯಿಂದ ಚೀಲಕ್ಕೆ ಏನೂ ಬರುತ್ತಿಲ್ಲ. ವಾಸಿ ಆದ ಲಕ್ಷಣ ಅಂತ ತಿಳಿಯಬಹುದಾ?

ನೈಟ್ ಶಿಫ್ಟ್ ಸಿಸ್ಟರ್

ಹಾಗೆ ತಿಳಿಯಬೇಡಿ. ನಳಿಕೆ ಮಡಚಿಕೊಂಡಿರಬಹುದು, ಕಟ್ಟಿಕೊಂಡಿರಬಹುದು, ಅಥವಾ ಜಾರಿ ಹೊರಗೆ ಬಂದಿರಬಹುದು. ಬಟ್ಟೆಯ ಕೆಳಗೆ ಎಲ್ಲಿಯಾದರೂ ಮಡಚಿದೆಯಾ ನೋಡಿ, ಚರ್ಮದ ಹತ್ತಿರ ಹೊಲಿಗೆ ಬಿಟ್ಟಿದೆಯಾ ನೋಡಿ. ನೀವೇ ಒತ್ತುವುದು, ಎಳೆಯುವುದು, ಸಿರಿಂಜಿನಲ್ಲಿ ನೀರು ಹಾಕುವುದು ಮಾಡಬೇಡಿ. ಹಾಕಿದ ಆಸ್ಪತ್ರೆಗೆ ಇವತ್ತೇ ಫೋನ್ ಮಾಡಿ, ಚೀಲದಲ್ಲಿ ದಿನಾ ಎಷ್ಟು ಬರುತ್ತಿತ್ತು, ಯಾವ ಬಣ್ಣ ಇತ್ತು ಅಂತ ಹೇಳಿ. ಜ್ವರ ಅಥವಾ ನೋವು ಇದ್ದರೆ ಫೋನಿಗೆ ಕಾಯದೆ ಹೊರಡಿ. ಮುಂದೆ ನಳಿಕೆಯನ್ನು ಸೊಂಟಕ್ಕೆ ಪಟ್ಟಿ ಹಾಕಿ ಕಟ್ಟಿ, ಪಂಚೆ ಉಡುವಾಗ ಸಿಕ್ಕಿಕೊಂಡು ಎಳೆದುಹೋಗುವುದು ಜಾಸ್ತಿ.